ನಲವತ್ತೊಂದು ಫೋಟೋ

ವಿಜಯಪುರ,
ಮಂಗಳವಾರ, ೧೮ ಫೆಬ್ರವರಿ ೨೦೨೫,
ಬೆಳಿಗ್ಗೆ ಆರು ಗಂಟೆ

ಪ್ರೀತಿಯ ರಮ್ಯಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಎಡಮಗ್ಗುಲಿಗೇ ಮಲಗುತ್ತಿದ್ದೀಯ ತಾನೆ? ಮಗು ಇಲ್ಲಿದ್ದಾಗಿನ ಹಾಗೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಒದೆಯುತ್ತದೋ, ಇಲ್ಲ ಅಜ್ಜಿಮನೆ ಸೇರಿದ ಮೇಲೆ ಅದಕ್ಕೂ ಹೊತ್ತುಗೊತ್ತು ಇಲ್ಲವಾಯಿತೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನ ಅಲೆ ಮಗುವಿನ ತಲೆಗೆ ತಾಕುತ್ತದೆ ಎಂದು ಅತ್ತೆ ನಿನ್ನ ಫೋನನ್ನು ರಾಗಿಹಿಟ್ಟಿನ ಡಬ್ಬಿಗೆ ಹಾಕಿಟ್ಟ ಮೇಲೆ ನಿನ್ನ ದನಿ ನನಗೆ ಕೇಳಿಸುವುದು ದಿನಕ್ಕೆ ಒಂದೇ ಸಲ. ಅದೂ ಅತ್ತೆಯ ಫೋನಿನ ಸ್ಪೀಕರಿನಲ್ಲಿ, ಹಿಂದೆ ಟಿವಿ, ಮುಂದೆ ಕುಕ್ಕರು. ಊಟ ಆಯ್ತಾ ಅಂತ ನಾನು, ಆಯ್ತು ನಿಮ್ಮದು ಅಂತ ನೀನು. ಅಷ್ಟರಲ್ಲಿ ಅತ್ತೆ, 'ಸರಿ ಕಣಪ್ಪಾ, ಇಡ್ತೀನಿ, ಅವ್ಳು ಜಾಸ್ತಿ ಹೊತ್ತು ಕೂರ್ಬಾರ್ದು' ಎಂದು ಕಟ್ ಮಾಡುತ್ತಾರೆ. ಒಂಬತ್ತಕ್ಕೆ ಬಿದ್ದ ಮೇಲೆ ಹೆರಿಗೆಯಾಗುವ ತನಕ ಗಂಡನಾದವನು ಆ ಮನೆಯ ಹೊಸಿಲು ದಾಟಬಾರದು ಎನ್ನುವುದು ನಿಮ್ಮ ಮನೆಯ ಕಟ್ಟು. ಹಾಗಾಗಿ ಬಂದು ನೋಡುವ ಹಾಗೂ ಇಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ಗಡ್ಡ ಮಾತ್ರ ಚೆನ್ನಾಗಿ ಬೆಳೆದಿದೆ. ಬಸುರಿಯ ಗಂಡ ಕ್ಷೌರ ಮಾಡಿಸಬಾರದು ಎಂಬ ಅತ್ತೆಯ ಮಾತನ್ನು ಇವತ್ತಿನವರೆಗೂ ಪಾಲಿಸಿದ್ದೇನೆ. ಮೊನ್ನೆ ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದ ಹೂವಿನ ಅಶ್ವತ್ಥಮ್ಮ ನನ್ನ ಮುಖ ನೋಡಿ, 'ಏನಪ್ಪಾ, ಅಯ್ಯಪ್ಪನ ಮಾಲೆ ಬಿಚ್ಚೋದೇ ಮರ್ತ್ಬಿಟ್ಯಾ?' ಎಂದರು. ನೀನಿದ್ದಿದ್ದರೆ ಒಂದು ವಾರ ಇದೇ ಮಾತು ಹಿಡಿದುಕೊಂಡು ನಗುತ್ತಿದ್ದೆ. ಅಡುಗೆಮನೆಯಲ್ಲಿ ಹಾಲು ಮೂರು ಸಲ ಉಕ್ಕಿತು. ಮೂರು ಸಲವೂ ನಾನು ಒಲೆಯ ಮುಂದೆಯೇ ನಿಂತಿದ್ದೆ.

ಹಳೇ ಕಾಟನ್ ಸೀರೆ ಕಳಿಸಿ, ಮಗುವಿಗೆ ಬಟ್ಟೆ ಮಾಡಬೇಕು ಎಂದಿದ್ದೆಯಲ್ಲ. ಆರನ್ನು ಒಗೆದು ಮಡಚಿ ಗಂಟು ಕಟ್ಟಿದ್ದೇನೆ. ಕಾಂತರಾಜು ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ತಿಂಡಿ ತಿಂದು, ಒಂಬತ್ತರ ಹೊತ್ತಿಗೆ ಇಲ್ಲಿಗೆ ಬೈಕಿನಲ್ಲಿ ಬಂದು ತೆಗೆದುಕೊಂಡು ಹೋಗುತ್ತಾನೆ. ನಿನ್ನ ತಮ್ಮನಿಗೂ ಗೊತ್ತಿಲ್ಲದ ಹಾಗೆ ಈ ಪತ್ರವನ್ನು ಹಸಿರು ಚೌಕಳಿ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಅದರ ಜೊತೆಗೆ ಒಂದು ಕಂದು ಬಣ್ಣದ ಕವರೂ ಇರುತ್ತದೆ. ಅದು ನಿನ್ನ ಸ್ಕ್ಯಾನಿಂಗ್ ಫೈಲು. ಸ್ಟುಡಿಯೋದಲ್ಲಿ ಎಲ್ಲೋ ಕಳೆದುಹೋಗಿದೆ, ಹುಡುಕುತ್ತಿದ್ದೇನೆ ಎಂದಿದ್ದೆನಲ್ಲ, ಸುಳ್ಳು. ಅದು ಮೊದಲ ದಿನದಿಂದಲೂ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಡಾಕ್ಟರಮ್ಮ ನನಗೆ ಹೇಳಿದ ಒಂದು ಮಾತನ್ನು ಒಂದು ತಿಂಗಳಿಂದ ನಿನಗೆ ಹೇಳದೆ ಇಟ್ಟುಕೊಂಡಿದ್ದೇನೆ ರಮ್ಯಾ. ನೀನು ಅಲ್ಲಿ, ಅತ್ತೆ ಗೊತ್ತುಮಾಡಿರುವ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಬಾರದು. ನೋವು ಬರುವ ತನಕ ಕಾಯಲೂ ಬಾರದು. ಯಾಕೆ ಎನ್ನುವುದನ್ನು ಮುಂದೆ ಬರೆಯುತ್ತೇನೆ. ಅದಕ್ಕೆ ಮೊದಲು ನಿನ್ನೆ ಏನಾಯಿತು ಎಂದು ಹೇಳಬೇಕು. ಅದು ಆಗಿರದಿದ್ದರೆ ಈ ಪತ್ರವನ್ನೂ ನಾನು ಬರೆಯುತ್ತಿರಲಿಲ್ಲ.

ಹತ್ತು ದಿನದಿಂದ ನಿಶ್ಚಿತಾರ್ಥದ ಶೂಟಿಂಗ್, ಗೃಹಪ್ರವೇಶದ ಶೂಟಿಂಗ್ ಎಂದು ನಿನಗೆ ಹೇಳುತ್ತಿದ್ದೆನಲ್ಲ, ಅದೂ ಸುಳ್ಳು. ನಾನು ಹೋಗುತ್ತಿದ್ದುದು ಆವತಿ ದಾಟಿ, ದ್ರಾಕ್ಷಿ ತೋಟಗಳ ನಡುವೆ ಎರಡು ಮೈಲಿ ಒಳಗಿರುವ ಒಂದು ಕುದುರೆ ಫಾರಮ್ಮಿಗೆ. ಅಲ್ಲಿಯ ಮ್ಯಾನೇಜರು ಮನೋಹರ್ ಯಾವುದೋ ಮದುವೆ ಆಲ್ಬಮ್ಮಿನಲ್ಲಿ ನನ್ನ ಕೆಲಸ ನೋಡಿ ಕರೆಸಿದ್ದರು. ಒಂದು ಕುದುರೆ ಮರಿ ಹಾಕುವುದನ್ನು ಮೊದಲಿನಿಂದ ಕೊನೆಯವರೆಗೆ ತೆಗೆದುಕೊಡಬೇಕು, ಆಫೀಸಿನ ಗೋಡೆಯ ಉದ್ದಕ್ಕೂ ಸಾಲಾಗಿ ತೂಗುಹಾಕುತ್ತೇವೆ ಎಂದರು. ಬಸುರಿಯ ಗಂಡ ದನದ ಹೆರಿಗೆಯನ್ನೂ ನೋಡಬಾರದು ಎಂದು ಅತ್ತೆ ಹೇಳಿದ್ದು ನೆನಪಿತ್ತು. ಆದರೂ ಒಪ್ಪಿಕೊಂಡೆ. ಮದುಮಕ್ಕಳ ಮುಖ ಬಿಟ್ಟು ಬೇರೆ ಏನನ್ನಾದರೂ ತೆಗೆಯುವ ಆಸೆ ನನಗೆ ಎಷ್ಟು ವರ್ಷದಿಂದ ಇದೆ ಎನ್ನುವುದು ನಿನಗೆ ಗೊತ್ತು.

ಕುದುರೆಯ ದೊಡ್ಡ ಹೆಸರು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲಿದೆ. ಅವಳನ್ನು ನೋಡಿಕೊಳ್ಳುವ ಪಾಪಯ್ಯ ಮಾತ್ರ ಚಂದ್ರಿ ಅನ್ನುತ್ತಾರೆ, ಹಣೆಯ ಮೇಲೆ ಬಿಳಿ ಮಚ್ಚೆ ಇರುವುದಕ್ಕೆ. ಪಾಪಯ್ಯನಿಗೆ ಅರವತ್ತರ ಮೇಲೆ ವಯಸ್ಸು, ಅವರ ಅಪ್ಪನೂ ಕುದುರೆ ಕಾಯುತ್ತಿದ್ದವರೇ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಫ್ಲ್ಯಾಶ್ ಹಾಕಬಾರದು, ಸೆಂಟು ಹಾಕಬಾರದು, ಕೆಮ್ಮಬಾರದು, ಫೋನು ಆಫ್ ಆಗಿರಬೇಕು. 'ಯಾರೋ ಅವ್ರೆ ಅಂತ ಗೊತ್ತಾದ್ರೆ ಅವ್ಳು ನೋವ್ನೇ ತಡ್ಕೊಂಡ್ಬಿಡ್ತಾಳೆ ಸಾ. ನೀವು ಇಲ್ದಂಗೆ ಇರ್ಬೇಕು. ಸದ್ದು ಮಾತ್ರ ಮಾಡ್ಬೇಡಿ' ಎಂದರು. ಲಾಯದ ಮೂಲೆಯಲ್ಲಿ ಗೋಣಿ ತಟ್ಟಿನ ಪರದೆ ಕಟ್ಟಿ, ಲೆನ್ಸಿನಷ್ಟು ಅಗಲಕ್ಕೆ ತೂತು ಕೊಯ್ದುಕೊಟ್ಟರು. ಏನಾದ ಮೇಲೆ ಏನು ಎನ್ನುವುದನ್ನೂ ಅವರೇ ಹೇಳಿಕೊಟ್ಟರು. ಮೊದಲು ನೀರು ಒಡೆಯುತ್ತದೆ. ಆಮೇಲೆ ಬೆಳ್ಳಗೆ, ತೆಳ್ಳಗೆ ಒಂದು ಪೊರೆ ಕಾಣುತ್ತದೆ. ಅದರೊಳಗೆ ಒಂದು ಗೊರಸು, ಅದರ ಹಿಂದೆ ಇನ್ನೊಂದು, ಆಮೇಲೆ ಮೂತಿ. ನಾನು ಮದುವೆಯ ಶಾಸ್ತ್ರಗಳ ಪಟ್ಟಿ ಬರೆದುಕೊಳ್ಳುವ ಅದೇ ನೋಟ್‌ಬುಕ್ಕಿನಲ್ಲಿ ಇದನ್ನೂ ಬರೆದುಕೊಂಡೆ.

ಸದ್ದು ಮಾಡದೆ ಇರುವುದು ನನಗೆ ಕಷ್ಟವೇ ಅಲ್ಲ. ಕೆಲಸ ಕಲಿಸಿದ ಹನುಮಂತರಾಯಪ್ಪ ಮೇಷ್ಟ್ರು ಮೊದಲ ದಿನ ಹೇಳಿದ್ದೇ ಅದು. ಮಂಟಪದಲ್ಲಿ ಏನೇ ಆಗಲಿ, ನಿನ್ನದು ಕಣ್ಣು ಮಾತ್ರ, ಬಾಯನ್ನು ಬ್ಯಾಗಿನಲ್ಲಿಟ್ಟು ಬಾ ಅನ್ನುತ್ತಿದ್ದರು. ಒಂದು ಮದುವೆಯಲ್ಲಿ ಬೀಗರ ಶಲ್ಯದ ತುದಿಗೆ ದೀಪದ ಬೆಂಕಿ ಹತ್ತಿಕೊಂಡಾಗ ನಾನು ಕೂಗದೆ ಆರು ಫೋಟೋ ತೆಗೆದ ಕಥೆ ನಿನಗೆ ಗೊತ್ತೇ ಇದೆ. ಮದುವೆಯಾದ ಹೊಸತರಲ್ಲಿ ಅದನ್ನು ಹೇಳಿ ನಿನ್ನನ್ನು ನಗಿಸಿದ್ದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು ನೀನು ಹೇಳಿದ್ದು ಈಗ ನೆನಪಾಗುತ್ತದೆ: 'ಮನೆಗೆ ಬೆಂಕಿ ಬಿದ್ರೂ ನೀವು ಲೈಟು ಚೆನ್ನಾಗಿದೆ ಅಂತ ನಿಂತಿರ್ತೀರ ಕಣ್ರೀ.' ಒಲೆಯ ಮೇಲೆ ಹಾಲು ಉಕ್ಕಿದಾಗಲೂ ಅದೇ ಜಗಳ. ನೊರೆ ಮೇಲೆ ಬರುವಾಗ ಅದರ ಮೇಲೆ ಬೀಳುವ ಕಿಟಕಿಯ ಬೆಳಕು ನೋಡುತ್ತಾ ನಿಂತುಬಿಡುತ್ತೇನೆ. 'ಉಕ್ತಾ ಇದೆ ಅಂತ ಒಂದು ಮಾತು ಬಾಯಿಬಿಟ್ಟು ಹೇಳ್ಬಾರ್ದಾ?' ಎಂದು ನೀನು ಓಡಿಬರುತ್ತಿದ್ದೆ. ನಾವಿಬ್ಬರೂ ಇದನ್ನು ತಮಾಷೆ ಎಂದುಕೊಂಡಿದ್ದೆವು. ತಮಾಷೆಯಲ್ಲ ರಮ್ಯಾ. ಇದು ನನ್ನ ರೋಗ.

ನಿನ್ನೆ ಸೋಮವಾರ. ಚಂದ್ರಿಯ ಕೆಚ್ಚಲಿನ ತುದಿಯಲ್ಲಿ ಮೇಣದ ಹಾಗೆ ಹನಿ ಕಟ್ಟಿ ಎರಡು ದಿನವಾಗಿತ್ತು. ಕುದುರೆಗಳು ಹೆಚ್ಚಾಗಿ ರಾತ್ರಿಯೇ ಮರಿ ಹಾಕುತ್ತವೆ ಎಂದು ಫಾರಮ್ಮಿನವರೆಲ್ಲ ಎರಡು ರಾತ್ರಿ ಎದ್ದು ಕೂತಿದ್ದರು, ಅವಳು ಮಾತ್ರ ಹುಲ್ಲು ತಿನ್ನುತ್ತಾ ಆರಾಮಾಗಿದ್ದಳು. ಬೆಳಿಗ್ಗೆ ಇನ್ನು ಇವತ್ತು ಏನೂ ಆಗುವುದಿಲ್ಲ ಎಂದು ಮನೋಹರ್ ಎಲ್ಲರನ್ನೂ ತಿಂಡಿಗೆ ಕಳಿಸಿದರು, ಕುದುರೆ ಡಾಕ್ಟರು ಸ್ನಾನಕ್ಕೆಂದು ಕ್ವಾರ್ಟರ್ಸಿಗೆ ಹೋದರು. ಪಾಪಯ್ಯ ಬಕೆಟ್ಟು ತೊಳೆಯಲು ಲಾಯದ ಹಿಂದಿನ ನಲ್ಲಿಗೆ ಹೋದರು. ನಾನೂ ಎದ್ದು ಹೋಗುವವನೇ ಇದ್ದೆ. ಅಷ್ಟರಲ್ಲಿ ಚಂದ್ರಿ ಮಂಡಿ ಮಡಚಿ ಹುಲ್ಲಿನ ಮೇಲೆ ಮಲಗಿಬಿಟ್ಟಳು. ಕುತ್ತಿಗೆಯೆಲ್ಲ ಬೆವರು. ಒಂದು ಸಲ ನರಳಿ ಕಾಲು ಚಾಚಿದಳು. ಗೋಣಿ ಪರದೆಯ ಹಿಂದೆ ನಾನೊಬ್ಬನೇ. ನನಗೆ ಆಗ ಆದದ್ದು ಸಂತೋಷ, ಅದನ್ನೂ ಮುಚ್ಚಿಡುವುದಿಲ್ಲ. ಯಾರೂ ಅಡ್ಡ ಬರುವುದಿಲ್ಲ, ಕಿಟಕಿಯಿಂದ ಬೆಳಗಿನ ಬಿಸಿಲು ಸರಿಯಾಗಿ ಅವಳ ಹಿಂಭಾಗಕ್ಕೇ ಬೀಳುತ್ತಿದೆ, ಇಂಥ ಅದೃಷ್ಟ ಯಾರಿಗುಂಟು ಎಂದುಕೊಂಡೆ.

ಬೆಳ್ಳಗಿನ ಪೊರೆಗಾಗಿ ಕಾಯುತ್ತಿದ್ದೆ. ಬಂದದ್ದು ಕೆಂಪು. ದಪ್ಪಗೆ, ಒದ್ದೆ ಮಕಮಲ್ಲಿನ ಹಾಗೆ ಹೊಳೆಯುವ ಕಡುಗೆಂಪು ಚೀಲ. ನೀರು ಒಡೆದಿರಲಿಲ್ಲ. ಗೊರಸಿಲ್ಲ, ಮೂತಿಯಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಯಾವುದೂ ಅಲ್ಲಿರಲಿಲ್ಲ. ಇದು ಸರಿಯಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನಿನ್ನೆ ಎಲ್ಲರ ಮುಂದೆ ಹೇಳಿದೆ, ನಿನಗೆ ಹಾಗೆ ಹೇಳುವುದಿಲ್ಲ. ಗೊತ್ತಾಯಿತು, ಬೆರಳು ಮಾತ್ರ ಕ್ಲಿಕ್ ಮಾಡುತ್ತಲೇ ಇತ್ತು. ಸದ್ದು ಮಾಡಬೇಡಿ ಅಂದಿದ್ದಾರೆ, ಯಾರಾದರೂ ಬರುತ್ತಾರೆ, ಬಂದವರು ನೋಡುತ್ತಾರೆ, ನನಗೇನು ಗೊತ್ತು ಕುದುರೆ ವಿಷಯ ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು. ಅದೇ ಹೊತ್ತಿನಲ್ಲಿ ಕೆಂಪು ಜಾಸ್ತಿ ಹೊಡೆಯುತ್ತಿದೆ ಎಂದು ಬೆಳಕಿನ ಅಳತೆಯನ್ನು ಎರಡು ಗೆರೆ ಇಳಿಸಿದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಬೇರೆಯವರ ಕೈ ಅನ್ನಿಸುತ್ತಿದೆ. ಚಂದ್ರಿ ತಲೆಯೆತ್ತಿ ಗೋಣಿ ಪರದೆಯ ಕಡೆಗೆ ನೋಡಿದಳು. ನಾನು ಅದನ್ನೂ ತೆಗೆದೆ.

ಪಾಪಯ್ಯ ಬಕೆಟ್ಟು ಹಿಡಿದು ಬಾಗಿಲಿಗೆ ಬಂದವರು ಒಂದೇ ನೋಟಕ್ಕೆ ಬಕೆಟ್ಟು ಬಿಸಾಡಿ ಓಡಿದರು. ಹುಲ್ಲಿನ ಪಿಂಡಿಯ ಹಗ್ಗ ಕೊಯ್ಯುವ ಚಾಕು ಸೊಂಟದಲ್ಲಿತ್ತು. ಅದರಿಂದ ಆ ಕೆಂಪು ಚೀಲವನ್ನು ಸೀಳಿದರು. ನೀರು ಬುಳಕ್ಕನೆ ಚೆಲ್ಲಿತು. ಕೈ ಒಳಗೆ ಹಾಕಿ ಕಾಲು ಹುಡುಕುತ್ತಾ ಊರಿಗೇ ಕೇಳುವ ಹಾಗೆ ಕೂಗಿದರು: 'ಡಾಕ್ಟ್ರನ್ನ ಕರೀರೋ! ಸಾ, ಕ್ಯಾಮೆರಾ ಬಿಸಾಕಿ ಬನ್ನಿ, ಹಿಡೀರಿ ಬನ್ನಿ!' ನಾನು ಹೋದೆ. ಬಿಸಾಕಲಿಲ್ಲ, ಆಗಲೂ ಕ್ಯಾಮೆರಾವನ್ನು ಬ್ಯಾಗಿನ ಮೇಲೆ ಜೋಪಾನವಾಗಿ ಇಟ್ಟೇ ಹೋದೆ. ಒಂದು ಕಾಲನ್ನು ಅವರು, ಇನ್ನೊಂದನ್ನು ನಾನು ಹಿಡಿದೆವು. ಜಾರುತ್ತದೆ ರಮ್ಯಾ, ಹಿಡಿತವೇ ಸಿಗುವುದಿಲ್ಲ. ಅಂಗಿ ಬಿಚ್ಚಿ ಸುತ್ತಿ ಹಿಡಿದೆ. ಅವಳು ಮುಕ್ಕಿದಾಗ ಎಳೆಯಬೇಕು, ಬಿಟ್ಟಾಗ ಬಿಡಬೇಕು. ಹುಟ್ಟುವ ಮರಿಯ ಗೊರಸಿನ ತಳ ಗಟ್ಟಿಯಿರುವುದಿಲ್ಲ, ಹಸಿ ತಾಟಿನುಂಗಿನ ಹಾಗೆ ಮೆತ್ತಗಿರುತ್ತದೆ, ತಾಯಿಯ ಒಳಗೆ ಗಾಯವಾಗಬಾರದು ಅಂತ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಳು ಬಂತು.

ಮರಿ ಹೊರಗೆ ಬಿತ್ತು. ಅಲುಗಾಡಲಿಲ್ಲ. ನಾಲಿಗೆ ಪಕ್ಕಕ್ಕೆ ಜೋತು ನೀಲಿಗೆ ತಿರುಗಿತ್ತು. ಪಾಪಯ್ಯ ಮೂಗು ಬಾಯಿ ಒರೆಸಿ, ತಲೆ ಕೆಳಗೆ ಮಾಡಿ, ಗೋಣಿಯಿಂದ ಎದೆಯನ್ನು ಚರ್ಮ ಕಿತ್ತುಬರುವ ಹಾಗೆ ತಿಕ್ಕಿದರು. ಒಂದು ಹುಲ್ಲುಕಡ್ಡಿ ತೆಗೆದು ಮೂಗಿನ ಹೊಳ್ಳೆಗೆ ಚುಚ್ಚಿದರು. ಏನೂ ಇಲ್ಲ. ಮತ್ತೆ ತಿಕ್ಕಿದರು, ಮತ್ತೆ ಚುಚ್ಚಿದರು. 'ಸೀನೇ ತಾಯಿ, ಒಂದ್ಸಲ ಸೀನ್ಬಿಡೇ' ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದೆ. ಕೊನೆಗೆ ಅದು ಸೀನಿತು. ಬೆಕ್ಕು ಸೀನಿದಷ್ಟು ಸಣ್ಣ ಸದ್ದು. ಪಾಪಯ್ಯ ಹಿಂದಕ್ಕೆ ಕೂತುಬಿಟ್ಟರು.

ಡಾಕ್ಟರು ಒದ್ದೆ ತಲೆಯಲ್ಲೇ ಓಡಿಬಂದು ಆಮ್ಲಜನಕದ ನಳಿಕೆ ಹಾಕಿದರು. ಹೆಣ್ಣು ಮರಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹಿಡಿದು ನಿಲ್ಲಿಸಿದರೆ ನಿಲ್ಲುತ್ತಿತ್ತು, ಕೆಚ್ಚಲು ಹುಡುಕಲು ಮಾತ್ರ ಗೊತ್ತಾಗುತ್ತಿರಲಿಲ್ಲ, ಗೋಡೆಯನ್ನೇ ನೆಕ್ಕುತ್ತಿತ್ತು. ಉಸಿರು ಕಟ್ಟಿ ಹುಟ್ಟಿದ್ದಕ್ಕೆ ತಲೆಗೆ ಪೆಟ್ಟಾಗಿರಬಹುದು, ಮೂರು ದಿನ ಕಳೆಯುವ ತನಕ ಏನೂ ಹೇಳಲಾಗದು ಎಂದರು ಡಾಕ್ಟರು. ಯಾಕೆ ಹೀಗಾಯಿತು ಎಂದು ಕೇಳಿದೆ. ಅವರು ಕೈ ತೊಳೆಯುತ್ತಾ ಸಲೀಸಾಗಿ ಹೇಳಿದರು: 'ಮಾಸು ಕಣ್ರೀ. ಮರಿ ಹಿಂದೆ ಬರ್ಬೇಕಾದ ಮಾಸು ಮುಂದೆ ಬಂದ್ಬಿಟ್ಟಿದೆ. ಮಾಸು ಬಿಟ್ಕೊಂಡ್ರೆ ಮರಿಗೆ ಉಸಿರೆಲ್ಲಿಂದ ಬರ್ಬೇಕು? ಕಂಡ ತಕ್ಷಣ ಸೀಳ್ಬೇಕು. ಒಂದೊಂದು ನಿಮಿಷಾನೂ ಲೆಕ್ಕ.' ನಾನು ಹುಲ್ಲಿನ ಪಿಂಡಿಯ ಮೇಲೆ ಕೂತೆ. ಮನುಷ್ಯರಿಗೂ ಹೀಗೆ ಆಗುತ್ತದೆಯಾ ಸಾರ್ ಎಂದೆ. 'ಇದೇ ತರ ಅಲ್ಲ. ಆದ್ರೆ ಮಾಸು ದಾರಿಗಡ್ಡ ಕೂತಿದ್ರೆ ಮನುಷ್ಯರಲ್ಲಿ ಮಗೂಗಿಂತ ತಾಯಿಗೇ ಅಪಾಯ ಜಾಸ್ತಿ, ರಕ್ತ ನಿಲ್ಲಲ್ಲ. ಯಾಕೆ ಕೇಳಿದ್ರಿ?' ಎಂದರು. ಸುಮ್ಮನೆ ಎಂದೆ.

ಹೊರಡುವಾಗ ಪಾಪಯ್ಯ ಲಾಯದ ಹೊರಗೆ ಬೀಡಿ ಹಚ್ಚಿ ಕೂತಿದ್ದರು. ನನ್ನ ಮುಖ ನೋಡದೆ ಕೇಳಿದರು: 'ನೀವು ನೋಡ್ತಾನೇ ಇದ್ರಲ್ಲಾ ಸಾ. ನಾನು ಅಲ್ಲೇ ನಲ್ಲಿತಾವ್ ಇದ್ನಲ್ಲಾ. ಒಂದು ಕೂಗು ಹಾಕ್ಬಾರ್ದಾಗಿತ್ತಾ?' ಸದ್ದು ಮಾಡಬೇಡಿ ಅಂದಿದ್ದಿರಲ್ಲ ಎಂದೆ. ಅವರು ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಪಾಪ ಎನ್ನುವಂತೆ ನೋಡಿ, 'ಅದು ಅವ್ಳು ಸುಖವಾಗಿರ್ಲಿ ಅಂತ ಹೇಳಿದ್ದಪ್ಪಾ' ಎಂದರು. ಅಷ್ಟೇ. ಅಲ್ಲಿಯವರೆಗೆ ಸಾ ಎನ್ನುತ್ತಿದ್ದವರು ಅಪ್ಪಾ ಎಂದದ್ದು ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಸಂಜೆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದೆ. ಪ್ರತಿ ಫೋಟೋದ ಕೆಳಗೂ ತೆಗೆದ ಸಮಯ ಇರುತ್ತದೆ, ನೀನೇ ಆಲ್ಬಮ್ ಜೋಡಿಸುವಾಗ ನೋಡಿದ್ದೀಯ. ಕೆಂಪು ಮೊದಲು ಕಂಡದ್ದು ಒಂಬತ್ತು ಗಂಟೆ ಹನ್ನೆರಡು ನಿಮಿಷ ನಾಲ್ಕು ಸೆಕೆಂಡಿಗೆ. ಪಾಪಯ್ಯನ ಕೈ ಚೌಕಟ್ಟಿನೊಳಗೆ ಬಂದದ್ದು ಒಂಬತ್ತು ಹದಿಮೂರು ಐವತ್ತಕ್ಕೆ. ನಡುವೆ ನಲವತ್ತೊಂದು ಫೋಟೋ. ಒಂದು ನಿಮಿಷ ನಲವತ್ತಾರು ಸೆಕೆಂಡು ನಾನು ಏನೂ ಹೇಳದೆ ನಿಂತಿದ್ದೆ. ಬೆಳಕು ಚೆನ್ನಾಗಿದೆ, ಒಂದೂ ಅಲುಗಾಡಿಲ್ಲ. ನೋಡುತ್ತಾ ನೋಡುತ್ತಾ ಇನ್ನೊಂದು ಲೆಕ್ಕ ಹೊಳೆಯಿತು. ನಿನ್ನ ವಿಷಯದಲ್ಲಿ ನಾನು ಸುಮ್ಮನಿದ್ದು ಇವತ್ತಿಗೆ ಮೂವತ್ತೊಂದು ದಿನವಾಯಿತು.

ಜನವರಿ ಹದಿನೆಂಟು, ಸ್ಕ್ಯಾನಿಂಗ್ ಆದ ದಿನ. ಲೀಟರುಗಟ್ಟಲೆ ನೀರು ಕುಡಿಸಿದ್ದರು ಎಂದು ನೀನು ಮುಗಿದ ತಕ್ಷಣ ನಗುತ್ತಾ ಟಾಯ್ಲೆಟ್ಟಿಗೆ ಓಡಿದೆಯಲ್ಲ, ಆಗ ಡಾಕ್ಟರಮ್ಮ ನನ್ನನ್ನು ಕರೆದರು. ಮಾಸು ಕೆಳಗಡೆ ಕೂತಿದೆ, ಮಗು ಬರುವ ಬಾಯಿಗೇ ಅಡ್ಡವಾಗಿದೆ ಎಂದರು. ಮೂವತ್ತಾರನೇ ವಾರಕ್ಕೆ ಮತ್ತೆ ನೋಡಬೇಕು. ಅದು ಮೇಲೆ ಸರಿಯದಿದ್ದರೆ ನೋವು ಶುರುವಾಗುವ ಮೊದಲೇ ಆಪರೇಷನ್ ಆಗಬೇಕು, ಕೈಗೆಟುಕುವಂತೆ ರಕ್ತ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ನಡುವೆ ಒಂದು ಹನಿ ರಕ್ತ ಕಂಡರೂ ಎಲ್ಲ ಬಿಟ್ಟು ಓಡಿಬನ್ನಿ ಎಂದರು. ಅವರನ್ನೂ ಕರೆಯಿರಿ, ಇಬ್ಬರಿಗೂ ಹೇಳುತ್ತೇನೆ ಎಂದೂ ಅಂದರು. ನಾನೇ ಹೇಳ್ತೀನಿ ಮೇಡಂ ಎಂದೆ. ಮಾರನೆಯ ದಿನ ನಿನ್ನ ಸೀಮಂತ. ಎರಡೂ ಕೈ ತುಂಬ ಹಸಿರು ಬಳೆ ಹಾಕಿಕೊಂಡು ನೀನು ಕೂತಿದ್ದೆ, ನಾನು ನಿನ್ನ ಫೋಟೋ ತೆಗೆಯುತ್ತಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬಂದಾಗ ಅತ್ತೆ ನಿನ್ನನ್ನು ಕರೆದುಕೊಂಡು ಹೋದರು. ನೀನು ರಕ್ತ ಕಂಡರೆ ತಲೆಸುತ್ತಿ ಬೀಳುವವಳು, ಹೆದರುತ್ತೀಯ ಎಂದು ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಹೆದರಿದ್ದು ನಾನು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಹೇಳದಿದ್ದರೆ ತನ್ನಷ್ಟಕ್ಕೆ ಮೇಲೆ ಸರಿಯುತ್ತದೆ ಎಂದು ಕಾದೆ. ಹೋದ ಶುಕ್ರವಾರ ಮತ್ತೆ ತೋರಿಸಬೇಕಿತ್ತು. ಡಾಕ್ಟರಮ್ಮ ರಜೆಯಲ್ಲಿದ್ದಾರೆ ಎಂದು ಅತ್ತೆಗೆ ಹೇಳಿದವನೂ ನಾನೇ.

ಅತ್ತೆಯನ್ನು ನೆನೆದರೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಿದೆ. ನಿಮ್ಮ ನಾಲ್ವರನ್ನೂ ಅವರು ಮನೆಯಲ್ಲೇ ಹೆತ್ತವರು. 'ಆಪ್ರೇಸನ್ನು ಗೀಪ್ರೇಸನ್ನು ಎಲ್ಲ ದುಡ್ಡಿಗೆ ಕಣಪ್ಪಾ' ಎಂದು ಸೀಮಂತದ ದಿನವೇ ಎಲ್ಲರೆದುರು ಅಂದಿದ್ದರು. ಅವರ ಕಾಳಜಿಯಲ್ಲಿ ತಪ್ಪಿಲ್ಲ, ಅವರಿಗೆ ಗೊತ್ತೇ ಇಲ್ಲ, ಗೊತ್ತಿದ್ದವನು ಹೇಳಲಿಲ್ಲ. ಈಗ ನೀನೇ ಒಂದು ಉಪಕಾರ ಮಾಡಬೇಕು. ಪತ್ರ ಓದಿದ ಮೇಲೆ ಕವರು ತೆರೆದು ನೋಡು. ಹೆದರಬೇಡ, ಓದಬೇಕಾದ ಕಡೆ ಗುರುತು ಹಾಕಿದ್ದೇನೆ. ಆಮೇಲೆ ಅತ್ತೆಗೆ ಸಮಯ ನೋಡಿ ಮೆತ್ತಗೆ ಹೇಳು. ಅವರು ಒಪ್ಪಿದರು ಎಂದು ಕಾಂತರಾಜು ಹತ್ತಿರ ಸಂಜೆಯೊಳಗೆ ಹೇಳಿ ಕಳಿಸು. ಒಪ್ಪಿಗೆ ಬಂದ ತಕ್ಷಣ ಪಕ್ಕದ ಅಂಗಡಿ ಮೂರ್ತಿಯ ಕಾರು ತೆಗೆದುಕೊಂಡು ಬಂದು ಗೇಟಿನ ಹೊರಗೆ ನಿಲ್ಲುತ್ತೇನೆ. ಅಲ್ಲಿಯವರೆಗೆ ಭಾರ ಎತ್ತಬೇಡ, ಕೊಡ ಮುಟ್ಟಬೇಡ, ಮೆಟ್ಟಿಲು ಹತ್ತಬೇಡ. ಡಾಕ್ಟರಮ್ಮನಿಗೂ ಒಂಬತ್ತರ ಮೇಲೆ ಫೋನ್ ಮಾಡುತ್ತೇನೆ, ಬೈಯಲಿ.

ಮರಿ ಹೇಗಿದೆಯೋ ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಪಾಪಯ್ಯನಿಗೆ ಫೋನ್ ಮಾಡಬೇಕೆಂದು ಮೂರು ಸಲ ಕೈಗೆತ್ತಿಕೊಂಡು ಇಟ್ಟೆ. ಆ ಫೋಟೋಗಳನ್ನು ಮನೋಹರ್‌ಗೆ ಕೊಡುವುದಿಲ್ಲ. ಅಳಿಸಿಯೂ ಹಾಕುವುದಿಲ್ಲ. ಕೆಳಗಿನ ಮನೆಯಲ್ಲಿ ರೇಷ್ಮೆ ಹುರಿ ಮಿಷನ್ನು ಶುರುವಾಯಿತು, ಅಂದರೆ ಎಂಟು ಗಂಟೆ. ಎರಡು ತಾಸು ಕೂತು ಬರೆದಿದ್ದೇನೆ. ಜೀವಮಾನದಲ್ಲಿ ನಿನಗೆ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಬೈಯಬೇಕೆನ್ನಿಸಿದರೆ ಬೈದುಕೋ, ಆದರೆ ಮಲಗಿಕೊಂಡೇ ಬೈ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಒಳಗಿರುವ ಪುಟ್ಟ ಜೀವಕ್ಕೆ ಅಪ್ಪನ ಮುತ್ತು. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ, ನನಗೆ ಬಾಯಿ ಕೊಡಲಿ.

ನಿನ್ನ,
ಜಯಕುಮಾರ್

ಮರೆತ ಮಾತು: ಅಕ್ಷರ ಅಡ್ಡಾದಿಡ್ಡಿ ಹೋಗುತ್ತಿದೆ, ಕ್ಷಮಿಸು. ಕಾಂತರಾಜು ಈಗ ಬಂದ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ, 'ಚೆನ್ನಾಗವ್ಳೆ ಭಾವ. ಬೆಳಿಗ್ಗೆ ಒಂಚೂರು ರಕ್ತ ಕಾಣಿಸ್ತಂತೆ, ನೋವಿಲ್ಲ. ದಿನ ಹತ್ರ ಬಂದಾಗ ಇದೆಲ್ಲ ಮಾಮೂಲಿ ಅಂತ ಅಮ್ಮ ಅಂದ್ರು' ಎಂದ. ಮಾಮೂಲಿ ಅಲ್ಲ ರಮ್ಯಾ. ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಬಾಯಿಬಿಟ್ಟು ಹೇಳಿದೆ. ಅಕ್ಕನನ್ನು ಹಾಸಿಗೆಯಿಂದ ಏಳಲು ಬಿಡಬೇಡ ಎಂದು ಅವನನ್ನು ಬೈಕಿನಲ್ಲಿ ಮುಂದೆ ಓಡಿಸಿದೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಬೈದರು, ಮಲಗಿಸಿಕೊಂಡೇ ನೇರವಾಗಿ ದೊಡ್ಡಾಸ್ಪತ್ರೆಗೆ ಕರೆತನ್ನಿ, ರಕ್ತ ತಯಾರಿರುವಂತೆ ಹೇಳುತ್ತೇನೆ ಎಂದರು. ಅತ್ತೆಯ ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಅದೂ ಡಬ್ಬಿ ಸೇರಿದೆಯೋ ಏನೋ. ಮೂರ್ತಿ ಕಾರು ತರಲು ಹೋಗಿದ್ದಾನೆ, ಅವನು ಬರುವ ಐದು ನಿಮಿಷ ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ. ಅತ್ತೆಗೆ ನೀನು ಏನೂ ಹೇಳಬೇಕಾಗಿಲ್ಲ. ಒಪ್ಪಿಗೆಯೂ ಬೇಕಾಗಿಲ್ಲ. ಪತ್ರವನ್ನು ನಾನೇ ತರುತ್ತಿದ್ದೇನೆ, ಎಲ್ಲ ಒಳ್ಳೆಯದಾದ ಮೇಲೆ ಎಂದಾದರೂ ಓದುವೆಯಂತೆ. ನಾನು ಗೇಟಿನ ಹತ್ತಿರ ನಿಲ್ಲುವುದಿಲ್ಲ, ಹೊಸಿಲು ದಾಟಿ ಒಳಗೆ ಬರುತ್ತೇನೆ, ನಿಮ್ಮ ಬೀದಿಯ ತಿರುವಿನಿಂದಲೇ ಕೂಗಿಕೊಂಡು ಬರುತ್ತೇನೆ. ಅಷ್ಟು ದೊಡ್ಡ ದನಿ ನನ್ನ ಗಂಟಲಿನಿಂದ ಬಂದದ್ದನ್ನು ನೀನು ಯಾವತ್ತೂ ಕೇಳಿಲ್ಲ. ಯಾರೋ ಎಂದು ಗಾಬರಿಯಾಗಬೇಡ, ಅದು ನಾನೇ.